ಗಲ್ಲಾದ ಮುಂದೆ ಕುಳಿತ ಮಗನಿಗೆ

ಮಂಗಳೂರು

ಕರ್ತನಲ್ಲಿ ಪ್ರಿಯನಾದ ಪ್ರಶಾಂತನಿಗೆ ದೊಡ್ಡಪ್ಪನ ಪ್ರೀತಿಯ ವಂದನೆಗಳು.

ನಿನ್ನ ಪತ್ರವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಕೊನೆಯ ಪುಟವನ್ನು ಮಾತ್ರ ಅವಳಿಗೆ ಓದಿ ಹೇಳಲು ನನ್ನಿಂದಾಗಲಿಲ್ಲ. ಟೈಲ್ಸ್ ಅಂಗಡಿಯಲ್ಲಿ ಕುಳಿತಷ್ಟೂ ದೇವರಿಂದ ದೂರವಾಗುತ್ತಿದ್ದೇನೆಂಬ ಭಯ ನಿನ್ನನ್ನು ಹಿಡಿದಿದೆ, ಎಲ್ಲವನ್ನೂ ಮುಚ್ಚಿ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೆ ಸೇರಿಬಿಡಲೇ ಎಂದು ಬರೆದಿದ್ದೀಯ. ಅದನ್ನು ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ನಮ್ಮ ಹಿರಿಯರು ಕ್ರೈಸ್ತ ಸಭೆಗೆ ಸೇರಿದ ಕಥೆ ನಿನಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಈ ಭಯ ಆ ಕಾಲದಲ್ಲೂ ಇತ್ತು ಎಂಬುದನ್ನಷ್ಟೇ ಹೇಳಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರುವುದಕ್ಕೆ; ಆದರೆ ದೀಕ್ಷಾಸ್ನಾನ ಪಡೆದವರು ಜಾತಿ, ಮನೆ, ಕಸುಬು ಮೂರನ್ನೂ ಕಳೆದುಕೊಂಡು ಎದುರಿಗೆ ನಿಂತಾಗ ಅವರ ಕೈಗಳಿಗೆ ಕೆಲಸ ಕೊಡದೆ ವಿಧಿಯಿರಲಿಲ್ಲ. ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಲಾಭದ ಲೆಕ್ಕ ಹೊಕ್ಕಲ್ಲಿ ಭಕ್ತಿ ಉಳಿದೀತೇ ಎಂಬ ಪ್ರಶ್ನೆ ಮಿಶನ್ನಿನೊಳಗೇ ಎದ್ದಿತ್ತು. ಆ ಪ್ರಶ್ನೆ ಸಣ್ಣದೆಂದು ನಾನು ಹೇಳುವುದಿಲ್ಲ, ನಿನ್ನದೂ ಸಣ್ಣದಲ್ಲ.

ನಿನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ನೀನು ನೋಡಿಲ್ಲ. ಭಟ್ಟಿಯಿಂದ ಹೊರಬಂದ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಠಣ್ಣೆಂದದ್ದನ್ನು ಒಂದು ಕಡೆ, ಮಂದವಾಗಿ ನುಡಿದದ್ದನ್ನು ಇನ್ನೊಂದು ಕಡೆ ಇಡುತ್ತಿದ್ದರು. ಕಣ್ಣಿಗೆ ಕಾಣದ ಬಿರುಕು ಆ ಸದ್ದಿನಲ್ಲಿ ಸಿಕ್ಕಿಬೀಳುತ್ತಿತ್ತು, ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಯಾರದೋ ಮನೆ ಸೋರುತ್ತಿತ್ತು. ಸಭೆಯ ಮುಂದೆ ನಿಂತು ಎರಡು ಮಾತಿನ ಪ್ರಾರ್ಥನೆ ಮಾಡಲೂ ಅವರಿಗೆ ಬರುತ್ತಿರಲಿಲ್ಲ. ಹಂಚು ತಟ್ಟುವಾಗ ಅವರ ಮನಸ್ಸಿನಲ್ಲಿ ಏನಿರುತ್ತಿತ್ತೆಂದು ನಾನು ಒಮ್ಮೆಯೂ ಕೇಳಲಿಲ್ಲ. ಅವರಿಗೆ ಭಕ್ತಿ ಕಡಿಮೆಯೆಂದು ಹರೆಯದಲ್ಲಿ ನನಗೆ ಅನಿಸುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬ್ಯಾಂಕಿನ ಕೆಲಸ ಹೊಟ್ಟೆಗೆ, ಭಾನುವಾರ ಶಾಲೆಯ ಪಾಠ ದೇವರಿಗೆ ಎಂದು ಹಂಚಿಕೊಂಡೇ ನಾನು ನಿವೃತ್ತಿಯವರೆಗೆ ಬದುಕಿದೆ. ಬೀಡಿ ಕಟ್ಟುವ ಹೆಂಗಸರು ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಕೌಂಟರಿನ ಮುಂದೆ ನಿಂತಿರುತ್ತಿದ್ದರು. ಅವರ ಚೀಟಿ ತುಂಬಿಕೊಡುವಾಗ ನನ್ನ ಮನಸ್ಸು ಮುಂದಿನ ಭಾನುವಾರದ ಪಾಠದಲ್ಲಿರುತ್ತಿತ್ತು. ನೀನು ಹೆದರುತ್ತಿರುವ ಆ ದೂರ ನನಗೆ ಹೀಗೆ ಬಂದದ್ದು, ಮತ್ತು ಅದಕ್ಕೆ ಬ್ಯಾಂಕು ಕಾರಣವಾಗಿರಲಿಲ್ಲ.

ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನು ಕರ್ತನು ಎಬ್ಬಿಸಿ ಕರೆದುಕೊಂಡು ಹೋದನು, ನಿಜ. ಆದರೆ ಜಕ್ಕಾಯನಿಗೆ ಸುಂಕದ ಕೆಲಸ ಬಿಡು ಎಂದು ಹೇಳಿದ್ದು ಲೂಕನ ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಸ್ನಾನಿಕನಾದ ಯೋಹಾನನೂ ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದಷ್ಟೇ ಹೇಳಿದನು. ಪೌಲನು ಕೊರಿಂಥದಲ್ಲಿ ಅಕ್ವಿಲ ದಂಪತಿಗಳ ಜೊತೆ ಗುಡಾರ ಹೊಲಿದ ದಿನಗಳಲ್ಲಿ ದೇವರಿಂದ ದೂರವಿದ್ದನೆಂದು ನಾವು ಯಾರೂ ಓದುವುದಿಲ್ಲವಲ್ಲ, ಮಗನೇ.

ವ್ಯಾಪಾರ ಮಾಡಿ ಗೊತ್ತಿಲ್ಲದ ನಾನು ನಿನಗೆ ಹೇಳಬಹುದಾದದ್ದು ಸ್ವಲ್ಪವೇ, ತಪ್ಪಿದ್ದರೆ ಕ್ಷಮಿಸು. ಆ ನಿವೃತ್ತ ಮೇಷ್ಟ್ರ ಮನೆಯ ಹಾಲ್‌ನ ನೆಲಕ್ಕೆ ಎರಡು ಬಾಕ್ಸ್ ಟೈಲ್ಸ್ ಕಡಿಮೆ ಬಿತ್ತು, ಗೋದಾಮಿನಲ್ಲಿರುವುದು ಅದೇ ಡಿಸೈನ್ ಆದರೂ ಬೇರೆ ಬ್ಯಾಚ್ ಎಂದು ಬರೆದಿದ್ದೀಯ. ನೆಲಕ್ಕೆ ಕೂರಿಸಿ, ಕಿಟಕಿಯ ಬೆಳಕು ಬಿದ್ದ ಮೇಲಷ್ಟೇ ಶೇಡಿನ ವ್ಯತ್ಯಾಸ ಕಾಣುವುದಾದರೆ, ಬಾಕ್ಸಿನ ಮೇಲಿನ ಬ್ಯಾಚ್ ನಂಬರನ್ನು ಮೊದಲೇ ಅವರಿಗೆ ತೋರಿಸಿ ಬಿಡು. ಬೇಡವೆಂದರೆ ಮಾಲು ನಿನ್ನಲ್ಲೇ ಉಳಿಯಲಿ. ಗಿರಾಕಿಗಳನ್ನು ಕರೆತರುವ ಮೇಸ್ತ್ರಿಗಳ ಕಮಿಷನ್ನಿನ ವಿಷಯ ಕಷ್ಟದ್ದು. ಅದನ್ನು ಗಿರಾಕಿಗೆ ತಿಳಿಯದಂತೆ ಬಿಲ್ಲಿಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಅದಿಲ್ಲದೆ ಅಂಗಡಿ ನಡೆಸುವುದು ಹೇಗೆಂದು ಹೇಳುವ ಅನುಭವ ನನಗಿಲ್ಲ. ನಿಮ್ಮ ಸಭೆಯಲ್ಲಿ ವ್ಯಾಪಾರಸ್ಥರು ಇದ್ದಾರಲ್ಲ, ಅವರನ್ನು ಕೇಳಿ ನೋಡು. ಹುಡುಗರ ಸಂಬಳ ಮಾತ್ರ ತಡಮಾಡಬೇಡ. ತಡೆಹಿಡಿದ ಕೂಲಿ ಕೂಗುತ್ತದೆಂದು ಯಾಕೋಬನು ಬರೆದದ್ದು ನಮಗೂ ಸೇರಿ.

ಕಾಲೇಜಿಗೆ ಸೇರುವುದನ್ನು ನಾನು ತಡೆಯುವುದಿಲ್ಲ. ಕರೆ ಬಂದಿದ್ದರೆ ಹೋಗು, ಅಂಗಡಿಯ ಸಾಲದ ವಿಷಯ ನಾವು ಕೂತು ನೋಡೋಣ. ಆದರೆ ಅಂಗಡಿಯಲ್ಲಿ ದೇವರು ಸಿಗುವುದಿಲ್ಲವೆಂಬ ಹೆದರಿಕೆಯಿಂದ ಹೋಗುವುದಾದರೆ, ಆ ಹೆದರಿಕೆ ನಿನ್ನ ಜೊತೆಯಲ್ಲೇ ಬಲ್ಮಠದ ಗುಡ್ಡ ಹತ್ತುತ್ತದೆಂದು ನನಗೆ ಭಯ. ಈಸ್ಟರ್‌ವರೆಗೆ ಅರ್ಜಿ ಹಾಕಬೇಡ. ಮೇಷ್ಟ್ರಿಗೆ ಏನು ಹೇಳಿದೆ, ಅವರು ಏನೆಂದರು ಎಂಬುದನ್ನು ಮಾತ್ರ ಬೇಗ ಬರೆ.

ನಿನಗಾಗಿ ಪ್ರಾರ್ಥಿಸುವ,
ದೊಡ್ಡಪ್ಪ