1963ರ ಸ್ಟ್ರ್ಯಾಟೊಕಾಸ್ಟರ್ ಕೊಳ್ಳುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ಭಾನುವಾರ 1963ರ ಸನ್‌ಬರ್ಸ್ಟ್ ಬಣ್ಣದ ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ನೋಡಲು ಹೋಗುತ್ತೇನೆ ಎಂದು ಬರೆದಿದ್ದೀಯ. ಬೆಲೆಯ ಮಾತು ಆಮೇಲಾಯಿತು. ಗಿಟಾರ್ ಬಿಚ್ಚಿ ನೋಡಲು ಬಿಡುತ್ತಾರಾ ಎಂದು ಮೊದಲು ಕೇಳು. ಬಿಡುವುದಿಲ್ಲ ಎಂದರೆ ಹೋಗಲೇಬೇಡ. ಮರ, ಲ್ಯಾಕರ್ (ಮೇಲಿನ ಮೆರುಗು), ಪ್ಲಾಸ್ಟಿಕ್, ವೈರು ಒಂದೊಂದಕ್ಕೂ ಮುಪ್ಪು ಬರುವ ರೀತಿ ಬೇರೆ. ಅರವತ್ತು ವರ್ಷ ಜೊತೆಗಿದ್ದ ಭಾಗಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಎಲ್ಲಿ ಸಾಕ್ಷಿ ತಾಳೆಯಾಗುವುದಿಲ್ಲವೋ ಅಲ್ಲಿ ಯಾರೋ ಕೈಯಾಡಿಸಿದ್ದಾರೆ.

1 ಮತ್ತು 2ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಟಾರ್ಚು, ಯುವಿ ಟಾರ್ಚು, ಮೇಜಿನ ಮೇಲೆ ಹಾಸಲು ದಪ್ಪ ಬಟ್ಟೆ ತೆಗೆದುಕೊಂಡು ಹೋಗು.

ತಂತಿಗಳನ್ನು ಪೂರ್ತಿ ಸಡಿಲಿಸಿ, ಹಿಂಬದಿಯ ಪ್ಲೇಟಿನ ನಾಲ್ಕು ಸ್ಕ್ರೂ ತೆಗೆ. ನೆಕ್ಕನ್ನು, ಅಂದರೆ ಗಿಟಾರಿನ ಕತ್ತನ್ನು, ಪಕ್ಕಕ್ಕೆ ಅಲುಗಿಸಿದರೆ ಅದು ಕೂರುವ ಗುಳಿಯ (ಪಾಕೆಟ್ಟಿನ) ಅಂಚಿನ ಬಣ್ಣ ಚಕ್ಕೆ ಏಳುತ್ತದೆ, ನೇರ ಮೇಲಕ್ಕೇ ಎತ್ತು. ನೆಕ್ಕಿನ ಬುಡದಲ್ಲಿ ‘2 ಮೇ 63 ಬಿ’ ಎಂಬಂಥ ರಬ್ಬರ್ ಸ್ಟ್ಯಾಂಪ್ ಇರಬೇಕು. ಅದನ್ನು ಮೇ 2ನೇ ತಾರೀಖು ಎಂದು ಓದುವವರು ಬಹಳ. ಆ 2 ತಾರೀಖಲ್ಲ, ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಸಂಖ್ಯೆ. ‘ಬಿ’ ಎಂದರೆ ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಒಂದೂ ಐದು ಬೈ ಎಂಟು ಇಂಚು ಅಗಲ. 1962ಕ್ಕೂ ಹಿಂದಿನವಾದರೆ ಪೆನ್ಸಿಲ್ ಬರಹ ಕಾಣುತ್ತದೆ. ಅದೇ ಬುಡದಲ್ಲಿ ನೆಕ್ಕಿನ ಮೇಪಲ್ ಮರಕ್ಕೂ ಅದರ ಮೇಲೆ ಅಂಟಿಸಿದ ರೋಸ್‌ವುಡ್ ಹಲಗೆಗೂ (ಬೆರಳಿಡುವ ಫಿಂಗರ್‌ಬೋರ್ಡ್) ನಡುವಿನ ಗೆರೆ ನೋಡು: 1963ರದ್ದು ಬಾಗಿದ ಗೆರೆ, ತೆಳು ಹಲಗೆ. ಗೆರೆ ನೇರವಾಗಿದ್ದು ಹಲಗೆ ದಪ್ಪಗಿದ್ದರೆ ಅದು 1962ರ ಮಧ್ಯಕ್ಕಿಂತ ಹಿಂದಿನ ನೆಕ್, ಅಥವಾ ಈಚಿನ ನಕಲು.

ಹಿಂಬದಿಯ ಪ್ಲೇಟಿನ ಮೇಲೆ ಎಲ್ ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ಸರಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡ. ಡಬ್ಬಿಯಿಂದ ಕೈಗೆ ಸಿಕ್ಕ ಪ್ಲೇಟ್ ತೆಗೆದು ಹಾಕುತ್ತಿದ್ದರು, ಕ್ರಮವೇ ಇರಲಿಲ್ಲ. ಮೇಲಾಗಿ ಪ್ಲೇಟ್ ಬದಲಿಸುವುದು ಐದು ನಿಮಿಷದ ಕೆಲಸ.

ನೆಕ್ ತೆಗೆದ ಪಾಕೆಟ್ಟಿಗೆ ಟಾರ್ಚು ಬಿಡು. ಆ ಕಾಲದಲ್ಲಿ ಪಾಕೆಟ್ಟಿಗೆ ಒಂದು ಕೋಲು ಬಿಗಿದು, ಅದನ್ನು ಹಿಡಿದು ಗಿಟಾರಿನ ಒಡಲಿಗೆ (ಬಾಡಿ) ಬಣ್ಣ ಸ್ಪ್ರೇ ಮಾಡುತ್ತಿದ್ದರು. ಕೋಲು ಮುಚ್ಚಿದ ಪಟ್ಟಿಯಷ್ಟು ಜಾಗಕ್ಕೆ ಮೇಲಿನ ಬಣ್ಣ ಬಿದ್ದಿರುವುದಿಲ್ಲ. ಇಡೀ ಪಾಕೆಟ್ ಒಂದೇ ಸಮ ಬಣ್ಣ ತುಂಬಿಕೊಂಡಿದ್ದರೆ ಮರುಬಣ್ಣದ ಗುಮಾನಿ ಇಟ್ಟುಕೋ. ಒಣಗಲು ಇಟ್ಟಾಗ ಬಾಡಿಯನ್ನು ಎತ್ತಿ ನಿಲ್ಲಿಸುತ್ತಿದ್ದ ಸಣ್ಣ ಮೊಳೆಗಳ ತೂತುಗಳೂ ಹಾಗೇ: ಮೊಳೆ ಕಿತ್ತದ್ದು ಬಣ್ಣ ಒಣಗಿದ ಮೇಲೆ, ಆದ್ದರಿಂದ ತೂತಿನೊಳಗೆ ಬರಿ ಮರ ಕಾಣಬೇಕು, ಬಣ್ಣ ಇಳಿದಿರಬಾರದು. ಮರುಬಣ್ಣವಾಗಿದ್ದರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ.

ಇನ್ನು ಪಿಕ್‌ಗಾರ್ಡ್, ಬಾಡಿಯ ಮುಂಭಾಗಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ. ನನ್ನ ಮಟ್ಟಿಗೆ ಇಡೀ ಗಿಟಾರಿನಲ್ಲಿ ಚೆಲುವಾಗಿ ಹಣ್ಣಾಗುವ ಭಾಗ ಇದೇ. ಸೆಲ್ಯುಲಾಯ್ಡಿನ ಮೂರು ಪದರ, ಬಿಳಿ ಕಪ್ಪು ಬಿಳಿ. ಮೇಲಿನ ಬಿಳಿ ವರ್ಷಗಳು ಕಳೆದಂತೆ ಎಳೆ ಹಸಿರಿಗೆ ತಿರುಗುತ್ತದೆ. ಬಣ್ಣದ ಜೊತೆಗೆ ಅದು ಕುಗ್ಗುತ್ತದೆ ಕೂಡ. ಸ್ಕ್ರೂಗಳು ಹಿಡಿದಿಟ್ಟಿರುವುದರಿಂದ ಎಳೆತ ತಾಳದೆ ಸ್ಕ್ರೂ ತೂತಿನ ಬಳಿ, ನೆಕ್ ಪಿಕಪ್ಪಿನ (ನೆಕ್ಕಿಗೆ ಹತ್ತಿರದ, ತಂತಿಯ ಕಂಪನ ಹಿಡಿಯುವ ಅಯಸ್ಕಾಂತ ಸುರುಳಿ) ಪಕ್ಕದ ಕಿರಿದಾದ ಜಾಗದಲ್ಲಿ ಸೀಳುತ್ತದೆ. ಹನ್ನೊಂದು ಸ್ಕ್ರೂಗಳನ್ನು ಬಿಚ್ಚುವಾಗ ಯಾವುದು ಎಲ್ಲಿಯದು ಎಂದು ಕಾಗದದಲ್ಲಿ ಚುಚ್ಚಿಡು. ಮತ್ತೆ ಕೂರಿಸುವಾಗ ತೂತುಗಳು ತುಸು ಸರಿದಿದ್ದರೆ ಎಳೆದು ಹೊಂದಿಸಬೇಡ, ಒಂದು ಸ್ಕ್ರೂ ಹಾಕದೆ ಬಿಟ್ಟರೂ ಪರವಾಗಿಲ್ಲ.

ಗಾರ್ಡಿನ ಕೆಳಗೆ ಅಷ್ಟೇ ಅಗಲದ ಅಲ್ಯುಮಿನಿಯಂ ತಗಡು ಇರಬೇಕು. ಪಾಟ್‌ಗಳ (ದನಿ ಏರಿಳಿಸುವ ಗುಂಡಿಗಳ ಕೆಳಗಿನ ಭಾಗ) ಮೇಲೆ ‘304 6318’ ಎಂಬಂಥ ಅಂಕಿ ಇರುತ್ತದೆ. 304 ಎಂದರೆ ಸ್ಟ್ಯಾಕ್‌ಪೋಲ್ ಕಂಪನಿ, 63 ವರ್ಷ, 18 ವಾರ. ಎಲ್ಲಕ್ಕಿಂತ ಈಚಿನ ತಾರೀಖಿನ ಮೂಲ ಭಾಗಕ್ಕಿಂತ ಗಿಟಾರ್ ಹಳೆಯದಾಗಿರಲು ಸಾಧ್ಯವಿಲ್ಲ. ಬೆಸುಗೆ ಮಂಕಾಗಿ, ಬೂದು ಬಣ್ಣಕ್ಕಿರಬೇಕು. ಹೊಳೆಯುವ ಬೆಸುಗೆ ಕಂಡಲ್ಲಿ ಏನೋ ಬದಲಾಗಿದೆ. ವೈರಿಗೆ ಬಟ್ಟೆಯ ಹೊದಿಕೆ. ಪಿಕಪ್ಪಿನ ತಳ ಕಪ್ಪು ಫೈಬರ್. ಬೂದು ತಳ ಬಂದದ್ದು 1964ರಲ್ಲಿ. ಮೀಟರಿನಲ್ಲಿ ಒಂದೊಂದು ಪಿಕಪ್ಪೂ ಸುಮಾರು ಐದೂವರೆಯಿಂದ ಆರೂಕಾಲು ಕಿಲೋ ಓಮ್ ತೋರಿಸಿದರೆ ಸುರುಳಿ ಜೀವಂತವಾಗಿದೆ. ಪಿಕಪ್ ಆರಿಸುವ ಸ್ವಿಚ್ ಮೂರು ಸ್ಥಾನದ್ದು. ಐದರದ್ದಿದ್ದರೆ ಆಮೇಲೆ ಹಾಕಿದ್ದು. ಅದು ದೊಡ್ಡ ದೋಷವಲ್ಲ, ಹಳೆಯ ಸ್ವಿಚ್ ಇಟ್ಟುಕೊಂಡಿದ್ದಾರಾ ಕೇಳು.

ಫ್ರೆಟ್‌ಗಳ (ಫಿಂಗರ್‌ಬೋರ್ಡಿನ ಅಡ್ಡ ಲೋಹದ ಪಟ್ಟಿಗಳು) ಅಕ್ಕಪಕ್ಕ ರೋಸ್‌ವುಡ್ ಚೂರು ಹಾರಿದ್ದರೆ ರೀಫ್ರೆಟ್ ಆಗಿದೆ, ಅಂದರೆ ಹೊಸ ಫ್ರೆಟ್ ಹಾಕಿದ್ದಾರೆ ಎಂದೇ ಲೆಕ್ಕ. ಫೆಂಡರ್‌ನಲ್ಲಿ ಫ್ರೆಟ್‌ಗಳನ್ನು ಪಕ್ಕದಿಂದ ಜಾರಿಸಿ ಕೂರಿಸುತ್ತಿದ್ದರು, ಗೊತ್ತಿಲ್ಲದವರು ಮೇಲಕ್ಕೆ ಕೀಳುತ್ತಾರೆ.

ಲ್ಯಾಕರಿನ ಸಣ್ಣ ಬಿರುಕುಗಳಿಗೆ ಹೆದರಬೇಡ. ಮರ ಹಿಗ್ಗಿ ಕುಗ್ಗುತ್ತದೆ, ಗಡುಸಾದ ಲ್ಯಾಕರ್ ಜೊತೆಗೆ ಹೋಗಲಾರದೆ ಬಿಡುತ್ತದೆ. ಕತ್ತಲಲ್ಲಿ ಯುವಿ ಬೆಳಕು ಬಿಡು: ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹಳದಿ ಹಸಿರಾಗಿ ಮಿನುಗುತ್ತದೆ, ತೇಪೆ ಹಚ್ಚಿದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ. ಮನೆಗೆ ತಂದ ಮೇಲೆ ರಬ್ಬರ್ ತೊಡಿಸಿದ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡ, ಲ್ಯಾಕರ್ ಕರಗಿ ಅಂಟಿಕೊಳ್ಳುತ್ತದೆ.

ಮರುಜೋಡಣೆಯಲ್ಲಿ ಒಂದೇ ಎಚ್ಚರ. ಸ್ಕ್ರೂವನ್ನು ತೂತಿಗಿಟ್ಟು ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸು. ‘ಟಕ್’ ಎಂದು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಮರದಲ್ಲಿ ಸ್ಕ್ರೂ ಕೊರೆದ ಹಳೆಯ ಮರೆಗೆ (ಸುರುಳಿ ಗಾಡಿಗೆ) ಕೂತಿತು. ಆಗ ಬಲಕ್ಕೆ ಬಿಗಿ. ನೇರ ಬಿಗಿದರೆ ಹೊಸ ಮರೆ ಕೊರೆದು, ತೂತು ಸಡಿಲವಾಗುತ್ತದೆ.

ಮುಂದೆ ಬೆಂಗಳೂರಿಗೆ ತರುವ ಯೋಚನೆ ಇದ್ದರೆ ಇದು ನೆನಪಿರಲಿ: ಫಿಂಗರ್‌ಬೋರ್ಡಿನ ರೋಸ್‌ವುಡ್ ಬ್ರೆಜಿಲ್‌ನದ್ದು. 1992ರಿಂದ ಅದು ಅಳಿವಿನಂಚಿನ ಜೀವಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ನಮ್ಮ ಮಲೆನಾಡಿನ ಬೀಟೆಯ ವಾದ್ಯಗಳಿಗೆ 2019ರಲ್ಲಿ ಸಿಕ್ಕ ರಿಯಾಯಿತಿ ಇದಕ್ಕಿಲ್ಲ. ಅನುಮತಿ ಪತ್ರವಿಲ್ಲದೆ ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು.

ನೆಕ್ಕಿನ ಬುಡ, ಪಾಕೆಟ್, ಪಾಟ್‌ಗಳ ಬೆನ್ನು, ಈ ಮೂರರ ಫೋಟೋ ತೆಗೆದು ಅಲ್ಲಿಂದಲೇ ಕಳಿಸು. ನಾನು ನೋಡಿ ಹೇಳುವವರೆಗೆ ಮುಂಗಡ ಕೊಡಬೇಡ.

ನಿನ್ನ,
ರಘು