ಎರೆ ಮಣ್ಣಿನಲ್ಲಿ ಗೆದ್ದ ಡಾಟ್ಸನ್: ಗೆಳೆಯನಿಗೊಂದು ಪತ್ರ

ಕಲಬುರಗಿ

ಪ್ರಿಯ ಗೆಳೆಯಾ,

ಬೀದರಿನಿಂದ ನೀನು ಬರೆದ ಪತ್ರ ತಲುಪಿತು. ಲ್ಯಾಂಚಿಯಾ ಸ್ಟ್ರಾಟೋಸ್, ಪೋರ್ಶೆ 911ರಂಥ ಹೆಸರಾಂತ ರ‍್ಯಾಲಿ ಕಾರುಗಳಿರುವಾಗ ನಾನು ಡಾಟ್ಸನ್ 240ಝಡ್ ಅನ್ನು ಅವೆಲ್ಲಕ್ಕಿಂತ ಮೇಲೆ ಇಡುವುದೇಕೆಂದು ಕೇಳಿರುವೆ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ, ಸಾವಧಾನವಾಗಿ ಓದು.

ನೀನು ಹೇಳಿದ ಆ ಎರಡೂ ಕಾರುಗಳಿಗೆ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಆಫ್ರಿಕಾದ ಸಫಾರಿ ರ‍್ಯಾಲಿ ಕೊನೆಯವರೆಗೂ ಒಲಿಯಲಿಲ್ಲ. 1974ರಲ್ಲಿ ಪೋರ್ಶೆ ಎರಡನೆಯದಾಯಿತು. ಮೊದಲು ಬಂದದ್ದು ಜೋಗಿಂದರ್ ಸಿಂಗ್ ಓಡಿಸಿದ ಮಿತ್ಸುಬಿಷಿ ಲ್ಯಾನ್ಸರ್. ಮರುವರ್ಷ ಎರಡು ಸ್ಟ್ರಾಟೋಸ್ ಕಾರುಗಳು ಎರಡನೆಯ ಮತ್ತು ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡವು, ಗೆದ್ದದ್ದು ಪ್ಯೂಜೊ 504. 1978ರಲ್ಲಿಯೂ ಪೋರ್ಶೆಗೆ ಸಿಕ್ಕಿದ್ದು ಎರಡನೆಯ ಸ್ಥಾನವೇ. ಡಾಟ್ಸನ್ 240ಝಡ್ ಅದೇ ಸಫಾರಿಯನ್ನು 1971ರಲ್ಲಿ ಒಮ್ಮೆ, 1973ರಲ್ಲಿ ಮತ್ತೊಮ್ಮೆ ಗೆದ್ದಿತು.

ಸಫಾರಿಯ ಬಗೆಯೇ ಬೇರೆ ಇತ್ತು. ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗೆಂದು 1953ರಲ್ಲಿ ಕೀನ್ಯಾ, ಉಗಾಂಡಾ ಮತ್ತು ಟ್ಯಾಂಗನಿಕಾ (ಇಂದಿನ ಟಾಂಜಾನಿಯಾದ ಮುಖ್ಯ ಭಾಗ) ಗಳಲ್ಲಿ ಆರಂಭವಾದ ಈ ಸ್ಪರ್ಧೆ ಈಸ್ಟರ್ ಹಬ್ಬದ ದಿನಗಳಲ್ಲಿ, ಅಂದರೆ ಅಲ್ಲಿಯ ದೊಡ್ಡ ಮಳೆಗಾಲ ಶುರುವಾಗುವ ಹೊತ್ತಿನಲ್ಲಿ, ಸುಮಾರು 5000 ಕಿಲೋಮೀಟರ್ ಉದ್ದಕ್ಕೂ ನಡೆಯುತ್ತಿತ್ತು. ಸ್ಪರ್ಧೆಗೆಂದು ರಸ್ತೆಯನ್ನು ಮುಚ್ಚುತ್ತಿರಲಿಲ್ಲ. ಎದುರಿಗೆ ಲಾರಿ ಬರಬಹುದು, ದನಗಳ ಹಿಂಡು ಬರಬಹುದು, ಜಿರಾಫೆಯೂ ಅಡ್ಡ ನಿಲ್ಲಬಹುದು. ಸಮಯ ಬರೆದುಕೊಳ್ಳುವ ಒಂದು ತಪಾಸಣಾ ಠಾಣೆಯಿಂದ ಇನ್ನೊಂದಕ್ಕೆ ಗೊತ್ತುಪಡಿಸಿದ ಸಮಯವಿದ್ದು, ತಡವಾದ ಪ್ರತಿ ನಿಮಿಷಕ್ಕೂ ದಂಡಾಂಕ ಬೀಳುತ್ತಿತ್ತು. ಕಡಿಮೆ ದಂಡಾಂಕ ಪಡೆದವನೇ ವಿಜೇತ. 1963ರಲ್ಲಿಯೂ 1968ರಲ್ಲಿಯೂ ಕೊನೆ ಮುಟ್ಟಿದ ಕಾರುಗಳು ಏಳೇ ಏಳು.

ಇನ್ನು ಮಣ್ಣಿನ ಮಾತು. ನೈರೋಬಿಯ ಆಚೆಗಿನ ಅಥಿ ಬಯಲಿನಲ್ಲಿರುವುದು ನಮ್ಮಲ್ಲಿರುವಂಥದೇ ಕಪ್ಪು ಎರೆ ಭೂಮಿ. ಉಳಿದ ದಾರಿಯ ಬಹುಪಾಲು ನಿಮ್ಮ ಬೀದರಿನಂತೆ ಕೆಂಪು ಮುರುಮು. ಹದ ಮಳೆ ಬಿದ್ದ ಮರುದಿನ ಜೇವರ್ಗಿ ಕಡೆಯ ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಹೋದವರಿಗೆ ಆ ರ‍್ಯಾಲಿಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಕುಡಿದ ಎರೆ ಹಿಗ್ಗಿ ಅಂಟಾಗುತ್ತದೆ, ಗಾಲಿಗೆ ಸುತ್ತಿಕೊಳ್ಳುತ್ತದೆ, ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದನ್ನು ತುಂಬಿ ಕಡೆಗೆ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಆಗ ಎಂಜಿನ್ನಿಗೆ ಎಷ್ಟು ಶಕ್ತಿಯಿದ್ದರೂ ಉಪಯೋಗವಿಲ್ಲ. ಅದಕ್ಕಾಗಿಯೇ ಸಫಾರಿಗೆ ಸಜ್ಜಾದ ಕಾರುಗಳ ಹಿಂಬದಿಗೆ ಹಿಡಿಕೆಗಳನ್ನು ಕೂಡಿಸುತ್ತಿದ್ದರು. ಸಹಚಾಲಕ ಕೆಳಗಿಳಿದು, ಹಿಂದೆ ಹತ್ತಿ ನಿಂತು, ತನ್ನ ಮೈಭಾರವನ್ನೆಲ್ಲ ಹಿಂದಿನ ಗಾಲಿಗಳ ಮೇಲೆ ಹಾಕಿ ಕಾರನ್ನು ಕೆಸರಿನಿಂದ ಎಬ್ಬಿಸುತ್ತಿದ್ದ.

ಈ ಕೆಲಸಕ್ಕೆಂದು 240ಝಡ್ ಹುಟ್ಟಿದ್ದಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ. 1969ರ ಕೊನೆಯಲ್ಲಿ ಹೊರಬಂದ ಈ ಎರಡು ಸೀಟಿನ ಕಾರನ್ನು ಡಾಟ್ಸನ್ ಹೆಸರಿನಲ್ಲಿ ಕಾರು ಮಾರುತ್ತಿದ್ದ ಜಪಾನಿನ ನಿಸ್ಸಾನ್ ಕಂಪನಿ ಮುಖ್ಯವಾಗಿ ಅಮೆರಿಕದ ಗಿರಾಕಿಗಳಿಗಾಗಿ ತಯಾರಿಸಿತು; ಅಲ್ಲಿಯ ಮುಖ್ಯಸ್ಥ ಯುತಾಕಾ ಕತಾಯಾಮಾ ಇದಕ್ಕಾಗಿ ಬಹಳ ಹಟ ಹಿಡಿದವರು. ಆದರೆ ಉದ್ದನೆಯ ಬಾನೆಟ್ಟಿನ ಕೆಳಗಿದ್ದ 2393 ಸಿಸಿಯ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ನು ತುಂಬ ಸರಳವಾದದ್ದು, ಗಟ್ಟಿಮುಟ್ಟಾದದ್ದು: ಬೀಡು ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ಚೈನಿನಿಂದ ತಿರುಗುವ ಒಂದೇ ಕ್ಯಾಮ್‌ಶಾಫ್ಟು. ಇದೇ ವಂಶದ ನಾಲ್ಕು ಸಿಲಿಂಡರಿನ ಎಂಜಿನ್ನಿದ್ದ ಡಾಟ್ಸನ್ 1600 ಎಸ್‌ಎಸ್‌ಎಸ್ 1970ರ ಸಫಾರಿಯನ್ನು ಆಗಲೇ ಗೆದ್ದಿತ್ತು. 240ಝಡ್‌ನ ನಾಲ್ಕೂ ಗಾಲಿಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇದ್ದು, ಒಟ್ಟು ತೂಕ ಒಂದು ಟನ್ನಿನ ಆಸುಪಾಸಿನಲ್ಲಿತ್ತು. ಕೆಂಪು ಮೈ, ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಬಳಿದ ಕಪ್ಪು ಬಾನೆಟ್ಟು, ಅದರ ಮುಂದೆ ದೊಡ್ಡ ದೀಪಗಳು. ಇಷ್ಟು ಚೆಲುವಾದ ರ‍್ಯಾಲಿ ಕಾರನ್ನು ನಾನು ಬೇರೆ ಕಂಡಿಲ್ಲ.

1971ರ ಸಫಾರಿಯಲ್ಲಿ ಎಡ್ಗರ್ ಹೆರ್ಮಾನ್ ಮೊದಲಿಗನಾದರೆ, ಇನ್ನೊಂದು 240ಝಡ್‌ನಲ್ಲಿ ಶೇಖರ್ ಮೆಹ್ತಾ ಎರಡನೆಯವರಾದರು. 1972ರ ಮಾಂಟೆ ಕಾರ್ಲೋ ರ‍್ಯಾಲಿಯ ಹಿಮದಲ್ಲಿ ರೌನೊ ಆಲ್ಟೊನೆನ್ ಇದೇ ಕಾರನ್ನು ಮೂರನೆಯ ಸ್ಥಾನಕ್ಕೆ ತಂದರು. ಆಗ ಪಕ್ಕದಲ್ಲಿ ಕುಳಿತು ದಾರಿ ಓದುತ್ತಿದ್ದವರು ಮುಂದೆ ಫೆರಾರಿ ತಂಡವನ್ನು ನಡೆಸಿದ ಜಾನ್ ಟಾಡ್.

ಆದರೆ ನನ್ನ ಮನಸ್ಸು ನಿಲ್ಲುವುದು 1973ರಲ್ಲಿ. ಶೇಖರ್ ಮೆಹ್ತಾ ಉಗಾಂಡಾದಲ್ಲಿ ನೆಲೆಸಿದ್ದ ಗುಜರಾತಿ ಮೂಲದ ಉದ್ಯಮಿ ಮನೆತನದಲ್ಲಿ 1945ರಲ್ಲಿ ಹುಟ್ಟಿದವರು. 1972ರ ಆಗಸ್ಟ್‌ನಲ್ಲಿ ಅಲ್ಲಿಯ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರೆಲ್ಲ 90 ದಿನಗಳೊಳಗೆ ದೇಶ ಬಿಡಬೇಕೆಂದು ಆಜ್ಞೆ ಮಾಡಿದಾಗ ಮೆಹ್ತಾ ಕೀನ್ಯಾಕ್ಕೆ ಬಂದರು. ಹುಟ್ಟಿದ ನೆಲ ಕೈತಪ್ಪಿ ಒಂದು ವರ್ಷ ತುಂಬುವ ಮೊದಲೇ, ಮರುವರ್ಷದ ಈಸ್ಟರ್‌ನಲ್ಲಿ, ಲಾಫ್ಟಿ ಡ್ರೂಸ್ ಅವರನ್ನು ಸಹಚಾಲಕರನ್ನಾಗಿ ಕೂರಿಸಿಕೊಂಡು ಅವರು 240ಝಡ್ ಏರಿದರು. ಸಾವಿರಾರು ಕಿಲೋಮೀಟರ್ ಕಳೆದು ಲೆಕ್ಕ ಹಾಕಿದಾಗ ಅವರ ದಂಡಾಂಕವೂ ಅದೇ ತಂಡದ ಇನ್ನೊಂದು ಡಾಟ್ಸನ್‌ನಲ್ಲಿದ್ದ ಹ್ಯಾರಿ ಷಾಲ್‌ಸ್ಟ್ರಾಮ್ ಅವರ ದಂಡಾಂಕವೂ ಸರಿಸಮವಾಗಿದ್ದವು! ದಂಡವಿಲ್ಲದೆ ಹೆಚ್ಚು ದೂರ ಸಾಗಿದವರಿಗೆ ಗೆಲುವು ಎಂಬ ನಿಯಮದಂತೆ ಮೆಹ್ತಾ ವಿಜೇತರಾದರು. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಶುರುವಾದದ್ದೇ ಆ ವರ್ಷ. ಅದರಲ್ಲಿ ಜಪಾನಿನ ಕಾರೊಂದಕ್ಕೆ ದೊರೆತ ಮೊದಲ ಗೆಲುವು ಇದು. ಮೆಹ್ತಾ ಮುಂದೆ 1979ರಿಂದ 1982ರವರೆಗೆ ಸತತವಾಗಿ ನಾಲ್ಕು ಸಲ ಸಫಾರಿ ಗೆದ್ದರು. ಒಟ್ಟು ಐದು ಗೆಲುವುಗಳ ಈ ಸಾಧಕನ ಹೆಸರನ್ನು ನಮ್ಮ ದೇಶದ ಮಕ್ಕಳು ಕೇಳಿಯೇ ಇಲ್ಲವೆಂಬುದು ನನಗೆ ನಿಜವಾದ ನೋವು.

ರಸ್ತೆಗಾಗಿ ಮಾಡಿದ 240ಝಡ್‌ಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ತಯಾರಾದವು. ಅಪರೂಪವಾದದ್ದು ಕಂಪನಿಯೇ ಸ್ಪರ್ಧೆಗೆಂದು ಕಟ್ಟಿದ ಬೆರಳೆಣಿಕೆಯ ಕಾರುಗಳು. 1971ರಲ್ಲಿ ಗೆದ್ದ ಕಾರು ಜಪಾನಿನ ಝಾಮಾದಲ್ಲಿರುವ ನಿಸ್ಸಾನ್ ಸಂಗ್ರಹದಲ್ಲಿ ಉಳಿದುಕೊಂಡಿದೆ. ಈಗ ಯಾರು ಬೇಕಾದರೂ ಹಳೆಯ 240ಝಡ್‌ಗೆ ಕೆಂಪು ಬಣ್ಣ ಬಳಿದು, ಬಾನೆಟ್ಟನ್ನು ಕಪ್ಪು ಮಾಡಿ, ಬಾಗಿಲ ಮೇಲೆ ಸಂಖ್ಯೆ ಬರೆಸಬಹುದು. ಅಂಥವು ನೋಡಲು ಚಂದವೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ರ‍್ಯಾಲಿಯಿಂದ ಬಂದ ಕಾರಿನ ತಗ್ಗುಗಳನ್ನೂ ಗೀರುಗಳನ್ನೂ ಅಳಿಸಿ ಹೊಸದರಂತೆ ಹೊಳಪು ಕೊಡುವುದು ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ. ಕಲ್ಲು ಎಲ್ಲಿ ಬಡಿಯಿತು, ತಗಡನ್ನು ಎಲ್ಲಿ ಬಡಿದು ಸರಿಮಾಡಿದರು ಎಂಬುದೆಲ್ಲ ಆ ಕಾರಿನ ಮೈಮೇಲಲ್ಲದೆ ಬೇರೆಲ್ಲಿಯೂ ದಾಖಲಾಗಿಲ್ಲ.

ಸ್ಟ್ರಾಟೋಸ್ ಪರವಾಗಿ ನಿನ್ನ ವಾದವೇನೆಂದು ಬರೆ. ಸಾಂಡ್ರೊ ಮುನಾರಿ 1975ರಿಂದ 1977ರವರೆಗೆ ಮೂರು ವರ್ಷವೂ ಅದರಲ್ಲಿ ಮಾಂಟೆ ಕಾರ್ಲೋ ಗೆದ್ದದ್ದನ್ನು ನಾನು ಮೊದಲೇ ಒಪ್ಪಿಕೊಂಡಿದ್ದೇನೆ. ಆದ್ದರಿಂದ ಅಲ್ಲಿಂದ ಮುಂದಕ್ಕೆ ಆರಂಭಿಸು. ಮನೆಯವರಿಗೆಲ್ಲ ನನ್ನ ಶರಣು ತಿಳಿಸು.

ನಿನ್ನ ಗೆಳೆಯ