ನಿನ್ನ ಕುದುರೆ ಮರಿ ಹಾಕುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕುದುರೆ ಮರಿ ಹಾಕುವಾಗ ಏನೇನು ನೋಡಬೇಕು, ಮನೆ ತುಂಬಾ ಜನರಿರುವಾಗ ಮರಿಯನ್ನು ಹೇಗೆ ಬೆಳೆಸಬೇಕು ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಬಿಟ್ಟಿದ್ದೆವು, ದೊಡ್ಡವನಿಗೆ ಪರೀಕ್ಷೆ, ಅತ್ತೆಗೆ ಮಂಡಿನೋವು, ನಮ್ಮನೆಯವರು ಪೈಪು ಬದಲಿಸಲು ತೋಟಕ್ಕೆ ಹೋದವರು ಊಟಕ್ಕೂ ಬಂದಿರಲಿಲ್ಲ. ಅದಕ್ಕೇ ನಿಧಾನವಾಗಿ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ನಮ್ಮ ಹಾಸನದ ಕಡೆ ಹಸು ಕರು ಹಾಕುವಾಗ ಏನು ಮಾಡಬೇಕು ಅಂತ ಹೇಳೋರು ಮನೆಗೊಬ್ಬರು ಸಿಗುತ್ತಾರೆ, ಕುದುರೆ ವಿಷಯಕ್ಕೆ ಊರಿಗೊಬ್ಬರೂ ಸಿಗುವುದಿಲ್ಲ, ಅಲ್ವಾ.

ನಮ್ಮ ಕುದುರೆ ಗೌರಿ ಜನವರಿಯಲ್ಲಿ ಮರಿ ಹಾಕಿದಳು. ಸಕಲೇಶಪುರದಲ್ಲಿ ಜನವರಿ ಅಂದರೆ ನಿನಗೆ ಗೊತ್ತು, ಕಾಫಿ ಕೊಯ್ಲು, ಕಣದ ತುಂಬಾ ಹಣ್ಣು, ಬೆಳಗ್ಗೆ ಆಳುಗಳಿಗೆ ಕಾಫಿ ತಿಂಡಿ ಆಗುವಷ್ಟರಲ್ಲಿ ಮಕ್ಕಳ ಸ್ಕೂಲ್ ವ್ಯಾನ್. ಬಸಿರು ಹನ್ನೊಂದು ತಿಂಗಳು ಅಂತ ಲೆಕ್ಕ ಇದ್ದರೂ ಕುದುರೆ ತಾರೀಖು ನೋಡಿ ಮರಿ ಹಾಕುವುದಿಲ್ಲ, ಹೆಚ್ಚಾಗಿ ರಾತ್ರಿಯೇ ಹಾಕುತ್ತದೆ. ಹಾಗಾಗಿ ಕೆಚ್ಚಲು ನೋಡುತ್ತಾ ಇರು. ತೊಟ್ಟಿನ ತುದಿಯಲ್ಲಿ ಹಳದಿ ಅಂಟು ಗಟ್ಟಿಯಾಗಿ ಕೂತರೆ ಸಾಮಾನ್ಯವಾಗಿ ಒಂದೆರಡು ದಿನದ ಮಾತು. ಆವತ್ತಿನಿಂದ ಲಾಯದ ಹತ್ತಿರ ಮಲಗುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಅತ್ತೆ ಎಷ್ಟೋ ಹಸುಗಳ ಬಾಣಂತನ ಮಾಡಿದವರು. ಹಸು ಗಂಟೆಗಟ್ಟಲೆ ನೋವು ತಿಂದರೂ ಅವರು ಗಾಬರಿ ಬೀಳುವುದಿಲ್ಲ. ಕುದುರೆಗೆ ಆ ಸಮಾಧಾನ ನಡೆಯುವುದಿಲ್ಲ ಕಣೋ. ನೀರು ಒಡೆದ ಮೇಲೆ ಹೆಚ್ಚೂಕಮ್ಮಿ ಅರ್ಧ ಗಂಟೆಯೊಳಗೆ ಮರಿ ಹೊರಗೆ ಬರಬೇಕು. ಬರದಿದ್ದರೆ ಡಾಕ್ಟರಿಗೆ ಫೋನ್ ಮಾಡಲು ಇನ್ನೊಂದು ನಿಮಿಷವೂ ಕಾಯಬೇಡ. ಮೊದಲು ಕಾಣುವ ಚೀಲ ಬಿಳಿಚಾಗಿರಬೇಕು. ಅದರ ಬದಲು ಕೆಂಪಗೆ ಮಖಮಲ್ಲಿನಂಥದ್ದು ಕಂಡರೆ ಮರಿಗೆ ಉಸಿರು ಸಿಗುತ್ತಿಲ್ಲ ಅಂತ ಅರ್ಥ, ಆ ಚೀಲವನ್ನು ಅಲ್ಲೇ ಹರಿಯಬೇಕು. ಇದನ್ನು ಡಾಕ್ಟರ ಹತ್ತಿರ ಈಗಲೇ ಕೇಳಿ ತಿಳಿದುಕೋ, ಆ ಹೊತ್ತಿನಲ್ಲಿ ಯೋಚನೆ ಓಡುವುದಿಲ್ಲ.

ಮರಿ ಬಿದ್ದ ಮೇಲೆ ಲೆಕ್ಕ ಸುಲಭ. ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಕಸ (ಮಾಸು) ಬೀಳಬೇಕು. ಬಿದ್ದ ಕಸವನ್ನು ತಕ್ಷಣ ಹೂಳಬೇಡ. ನೆಲದ ಮೇಲೆ ಹರಡಿ ಪೂರ್ತಿ ಬಂದಿದೆಯಾ ನೋಡು, ಬಕೆಟ್‌ನಲ್ಲಿ ಮುಚ್ಚಿಟ್ಟು ಡಾಕ್ಟರಿಗೂ ತೋರಿಸು. ಒಂದು ಚೂರು ಒಳಗೆ ಉಳಿದರೂ ತಾಯಿಗೆ ನಂಜೇರಬಹುದು, ಆ ನಂಜು ಗೊರಸಿನವರೆಗೂ ಇಳಿಯಬಹುದು. ಮರಿಯ ಹೊಕ್ಕುಳಿಗೆ ಡಾಕ್ಟರು ಹೇಳಿದ ಔಷಧಿ ಹಚ್ಚು. ಮೊದಲ ಕರೀ ಸಗಣಿ ಒಂದು ದಿನದೊಳಗೆ ಹೋಗಬೇಕು. ಬಾಲ ಎತ್ತಿ ತಿಣುಕುತ್ತಾ ನಿಂತಿದ್ದರೆ ಸುಮ್ನೆ ಕೂರಬೇಡ.

ಆ ಮರಿಯ ಗೊರಸು ನೋಡಬೇಕಿತ್ತು ನೀನು! ಹುಟ್ಟಿದಾಗ ಗೊರಸಿನ ತಳದಲ್ಲಿ ಹಲಸಿನ ತೊಳೆ ಸುತ್ತ ಇರುವ ನಾರಿನ ಹಾಗೆ ಬಿಳಿ ಹಳದಿ ಎಳೆಗಳು ಜೋತುಬಿದ್ದಿರುತ್ತವೆ, ಮೆತ್ತಗೆ, ಒದ್ದೆ ಒದ್ದೆ. ಚಿಕ್ಕವಳು ಕಾಲಿಗೆ ಏನೋ ಆಗಿದೆ ಅಂತ ಅಳುವುದಕ್ಕೇ ಶುರುಮಾಡಿದಳು. ಒಳಗೆ ಒದ್ದಾಡುವಾಗ ತಾಯಿಗೆ ಗಾಯ ಆಗದಿರಲಿ ಅಂತ ಇರುವ ಹೊದಿಕೆ ಅದು. ಮರಿ ಎದ್ದು ನಾಲ್ಕು ಹೆಜ್ಜೆ ಓಡಾಡಿದ ಹಾಗೆಲ್ಲ ಸವೆದು ಹೋಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆಶ್ಚರ್ಯವೇ.

ಗಿಣ್ಣು ಹಾಲಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ಹಸು ಕರು ಹಾಕಿದರೆ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆಲ್ಲ ಕೊಡುವ ಪದ್ಧತಿ ನಮ್ಮದು. ಇದರಲ್ಲಿ ಒಂದು ಲೋಟವೂ ಇಲ್ವಾ ಅಂತ ಮಕ್ಕಳು ಕೇಳಿದರು. ಒಂದು ಹನಿಯೂ ಇಲ್ಲ. ಕುದುರೆ ಮರಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗ ರೋಗ ತಡೆಯುವ ಶಕ್ತಿ ದಾಟುವುದೇ ಇಲ್ಲ, ಅಷ್ಟೂ ಆ ಗಿಣ್ಣು ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು 24 ಗಂಟೆಯೊಳಗೆ ಮುಚ್ಚಿಹೋಗುತ್ತದೆ, ಮೊದಲ ಆರೆಂಟು ಗಂಟೆಯಲ್ಲಿ ಕುಡಿದದ್ದೇ ನಿಜವಾದ ಲಾಭ. ಕುಡಿದ ಹಾಲು ಸಾಕಾಯಿತಾ ಅಂತ ಮಾರನೇ ದಿನ ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ನಿನಗೆ ಹಾಸನದ ಪಶುವೈದ್ಯಕೀಯ ಕಾಲೇಜು ಇದೆ, ಈಗಲೇ ಒಂದು ಸಲ ಹೋಗಿ ವಿಚಾರಿಸಿಕೊಂಡು ಬಾ.

ಒಂದು ವಾರ, ಹತ್ತು ದಿನ ಆದಾಗ ಮರಿ ಭೇದಿ ಮಾಡಬಹುದು. ಹಾಲು ಕುಡಿದುಕೊಂಡು ಚುರುಕಾಗಿದ್ದರೆ ತಾನಾಗಿ ನಿಲ್ಲುತ್ತದೆ. ಮಂಕಾದರೆ, ಹಾಲು ಬಿಟ್ಟರೆ ಮಾತ್ರ ತಡ ಮಾಡಬೇಡ. ತಾಯಿಯ ಲದ್ದಿ ತಿನ್ನುವುದನ್ನು ನೋಡಿ ನಿನ್ನ ಮಕ್ಕಳು ಕಿರುಚಿದರೆ ಸಮಾಧಾನ ಮಾಡು, ಹುಲ್ಲು ಅರಗಿಸುವ ಜೀವಾಣು ಹೊಟ್ಟೆಗೆ ಸೇರುವುದೇ ಹಾಗೆ.

ಇನ್ನು ನಿನ್ನ ಮುಖ್ಯ ಪ್ರಶ್ನೆ: ಮನೆ ತುಂಬಾ ಜನ, ಮಕ್ಕಳು, ಬಂದು ಹೋಗುವವರು, ಮರಿಯನ್ನು ಹೇಗೆ ಬೆಳೆಸುವುದು? ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮುದ್ದು ಮಾಡಿ, ಸಲುಗೆ ಕೊಡಬೇಡಿ. ಮೊದಲ ದಿನ ಚುಕ್ಕಿಯನ್ನು (ಹಣೆಯಲ್ಲಿ ಬಿಳಿ ಇದೆ, ಮಕ್ಕಳಿಟ್ಟ ಹೆಸರು) ನೋಡಲು ಕೊಯ್ಲಿನ ಆಳುಗಳೆಲ್ಲ ಲಾಯದ ಬಾಗಿಲಿಗೆ ಬಂದರು. ನಮ್ಮನೆಯವರು ಬಾಗಿಲಿಗೆ ಅಡ್ಡ ನಿಂತು ಎಲ್ಲರನ್ನೂ ವಾಪಸ್ ಕಳಿಸಿದರು. ಕೆಲವರಿಗೆ ಬೇಜಾರಾಯಿತು. ಆದರೂ ತಾಯಿ ಮರಿಯ ವಾಸನೆ ಹಿಡಿಯುವ ಹೊತ್ತಿನಲ್ಲಿ ನಡುವೆ ನಾವು ಹೋಗಬಾರದು, ಅದು ಅವೆರಡರ ಸಮಯ. ಆಮೇಲೆ ದಿನಾ ಸ್ವಲ್ಪ ಹೊತ್ತು ಮೈ ಸವರುವುದು, ಕಾಲು ಎತ್ತಿ ಇಳಿಸುವುದು, ಸಾಕು. ಎತ್ತಿದ ಕಾಲನ್ನು ಅದು ಜಾಡಿಸುವಾಗ ಬಿಡಬೇಡ, ಸುಮ್ಮನಾದ ಮೇಲೆ ಬಿಡು. ಕೈಯಿಂದ ಬೆಲ್ಲ ತಿನ್ನಿಸುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಈಗ ಮರಿ ಹಿಂಗಾಲು ಎತ್ತಿದರೆ ಎಲ್ಲರಿಗೂ ನಗು. ಎರಡು ವರ್ಷ ಆದ ಮೇಲೆ ಅದೇ ಒದೆತಕ್ಕೆ ಮಗುವಿನ ಪಕ್ಕೆಲುಬು ಮುರಿಯುತ್ತದೆ. ಆವಾಗ ಬೈಸಿಕೊಳ್ಳುವುದು ಕುದುರೆ. ಪಾಪ, ಅದಕ್ಕೆ ಕಲಿಸಿದವರು ನಾವೇ ತಾನೇ?

ದೊಡ್ಡವನು ಯಾವಾಗ ಹತ್ತಬಹುದು ಅಂತ ದಿನಾ ಕೇಳುತ್ತಾನೆ. ಮೂರು ವರ್ಷ ತುಂಬುವವರೆಗೆ ಆ ಮಾತೇ ಇಲ್ಲ ಅಂದಿದ್ದೇನೆ. ಬೆನ್ನಿನ ಮೂಳೆ ಬಲಿಯಲು ಅದಕ್ಕಿಂತ ಜಾಸ್ತಿ ವರ್ಷ ಬೇಕು. ಅವನಿಗೆ ಈಗ ನೀರಿನ ತೊಟ್ಟಿ ತೊಳೆಯುವ ಕೆಲಸ, ಚಿಕ್ಕವಳಿಗೆ ಗೌರಿಯ ಹುರುಳಿ ನೆನೆಹಾಕುವ ಕೆಲಸ. ಪರೀಕ್ಷೆ ಇದ್ದರೂ ಬಿಟ್ಟಿಲ್ಲ, ಹೇಳಿಸಿಕೊಳ್ಳದೆ ಮಾಡುತ್ತಾರೆ.

ರಾತ್ರಿ ಲಾಯದ ಬಾಗಿಲು ಭದ್ರ ಮಾಡಲೇಬೇಕು. ನಮಗೆ ಆನೆ ಭಯ, ಆನೆ ಹತ್ತಿರ ಇದೆ ಅಂತ ಮೊಬೈಲಿಗೆ ಮೆಸೇಜ್ ಬಂದ ರಾತ್ರಿ ಗೌರಿಯೂ ನಿದ್ದೆ ಮಾಡುವುದಿಲ್ಲ. ನಿಮ್ಮ ಅರಸೀಕೆರೆ ಕಡೆ ಚಿರತೆ, ಬೀದಿನಾಯಿ ಎರಡನ್ನೂ ನೋಡಿಕೋ. ಹಾಲು ಬಿಡಿಸುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ. ನಮಗೆ ಅದು ಸರಿಯಾಗಿ ಆಷಾಢದ ಮಳೆಗೆ ಬೀಳುತ್ತದೆ. ಕೆಸರು, ಚಳಿ, ಅದರ ಮೇಲೆ ತಾಯಿಯಿಂದ ದೂರ, ಮೂರೂ ಒಟ್ಟಿಗೆ ಬೇಡ, ಗಣೇಶನ ಹಬ್ಬ ಕಳೆಯಲಿ ಅಂತ ತೀರ್ಮಾನ ಮಾಡಿದ್ದೇವೆ. ಗೌರಿ ಸೊರಗದಿರಲಿ ಅಂತ ಅವಳ ಮೇವು ಹೆಚ್ಚಿಸಿದ್ದೇವೆ.

ನಿನಗೆ ಮರಿ ಬರುವುದು ಬಿಸಿಲಿಗೆ. ತೆಂಗಿನ ತೋಟದ ನೆರಳಿರುವ ಕಡೆ ಈಗಲೇ ಜಾಗ ಮಾಡು, ತಾಯಿಗೆ ನೀರು ಯಾವಾಗಲೂ ಇರಲಿ. ತಾಯಿಗೆ ಧನುರ್ವಾಯುವಿನ ಇಂಜೆಕ್ಷನ್ ಮರಿ ಹಾಕುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ಆಗಬೇಕು. ಇನ್ನೂ ಹಾಕಿಸಿಲ್ಲ ಅಂದರೆ ಈ ವಾರವೇ ಡಾಕ್ಟರನ್ನು ಕರೆಸು. ಹಗಲು ಬೆಳಕಿನಲ್ಲಿ ಕೆಚ್ಚಲಿನ ಫೋಟೋ ತೆಗೆದು ಕಳಿಸು, ಅತ್ತೆಯೂ ನೋಡಬೇಕಂತೆ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು, ಎತ್ತುತ್ತೇನೆ.

ನಿನ್ನ ಗೆಳತಿ